ಒಂದೆಲಗವನ್ನು ಗುರುತಿಸುವುದು ಹೇಗೆ?

ಮಲೆನಾಡಿನ ತೋಡಿನಂಚು, ಅಡಿಕೆ ತೋಟದ ತಂಪು ನೆಲ, ಗದ್ದೆಯ ಬದು. ತೇವ ಇದ್ದಲ್ಲೆಲ್ಲ ನೆಲಕ್ಕಂಟಿ ಹಬ್ಬುವ ಬಹುವಾರ್ಷಿಕ ಸಸ್ಯ ಒಂದೆಲಗ.

ಮೊದಲು ಎಲೆ ನೋಡಿ. ಮೂತ್ರಪಿಂಡದ ಆಕಾರ, ಅಂಚಿನುದ್ದಕ್ಕೂ ಮೊಂಡು ಹಲ್ಲು, ಉದ್ದನೆಯ ತೊಟ್ಟು. ತೊಟ್ಟು ಸೇರುವಲ್ಲಿ ಒಂದು ಸೀಳು. ಅಲ್ಲಿಂದಲೇ ನರಗಳು ಬೀಸಣಿಗೆಯಂತೆ ಹರಡುತ್ತವೆ.

ಈಗ ಬಳ್ಳಿಯನ್ನು ಮೆಲ್ಲನೆ ಎತ್ತಿ. ಗೆಣ್ಣು ಗೆಣ್ಣಿಗೂ ಬೇರು! ನಸುಗೆಂಪು ಹೂವು ತೀರಾ ಚಿಕ್ಕದು, ಎಲೆಗಳ ಮರೆಯಲ್ಲಿ ನೆಲದ ಹತ್ತಿರವೇ ಅರಳುತ್ತದೆ.

ಗೊಂದಲವಾಗುವುದು ನೀರುಬ್ರಾಹ್ಮಿಯ ಜೊತೆ. ಎರಡನ್ನೂ ಬ್ರಾಹ್ಮಿ ಎಂದೇ ಕರೆಯುವವರಿದ್ದಾರೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ತೊಟ್ಟಿಲ್ಲದ್ದು. ಕಾಂಡದ ಮೇಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತದೆ.

ತಂಬುಳಿಗೆ ಕೊಯ್ಯುವುದಾದರೆ ಚರಂಡಿ ನೀರು ಹರಿಯುವ ಜಾಗ ಬೇಡ. ಗುರುತು ಖಾತ್ರಿಯಾಗದಿದ್ದರೆ, ಬಲ್ಲವರಿಗೆ ತೋರಿಸಿದ ಮೇಲೆಯೇ ಅಡುಗೆಮನೆಗೆ ತನ್ನಿ.