ಬರಿಗಾಲು

ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವಣ ಒಂದು ಹಳ್ಳಿಯಲ್ಲಿ ಹುಟ್ಟಿದ ನಾನು ಹೈಸ್ಕೂಲು ಮುಗಿಸುವವರೆಗೆ ಪಾದರಕ್ಷೆ ಮೆಟ್ಟಿದವನಲ್ಲ. ಅದೇನೂ ವ್ರತವಾಗಿರಲಿಲ್ಲ. ಮನೆಯಲ್ಲಿ ಇದ್ದುದು ಒಂದೇ ಜೊತೆ ಎಕ್ಕಡ, ಅದು ನಮ್ಮ ತಂದೆಯವರದು.

ಬರಿಗಾಲಿನಲ್ಲಿ ನಡೆದವರಿಗೆ ನೆಲವೆಂಬುದು ಒಂದಲ್ಲ. ಹದವಾದ ಕೆಮ್ಮಣ್ಣು ಬೆರಳ ಸಂದಿಯಲ್ಲಿ ತಣ್ಣಗೆ ನುಸುಳುತ್ತದೆ. ಎರೆಭೂಮಿಯಾದರೋ ಮಳೆ ಬಿದ್ದಾಗ ಅಂಗಾಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಬೇಸಗೆಯಲ್ಲಿ ಬಿರಿದು ಹಿಮ್ಮಡಿಯನ್ನು ಕೊರೆಯುತ್ತದೆ. ನೆಗ್ಗಿಲ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೇ ಇಟ್ಟುಕೊಂಡಿರುತ್ತದೆ. ಮೊಳಕಾಲ್ಮೂರಿನ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿ ಬಿಡುವುದಿಲ್ಲ. ಕತ್ತಲಲ್ಲಿ ಹೊಲದಿಂದ ಬರುವಾಗ ದಾರಿ ತಪ್ಪಿದ್ದನ್ನು ಮೊದಲು ತಿಳಿಸುತ್ತಿದ್ದುದು ಅಂಗಾಲೇ. ತುಳಿದ ದಾರಿಯ ಮಣ್ಣು ನಯವಾಗಿರುತ್ತದೆ.

ಜಡ್ಡುಗಟ್ಟಿದ ಕಾಲಿಗೆ ಏನು ತಿಳಿದೀತು ಎಂದು ಪೇಟೆಯ ಮಿತ್ರರು ಕೇಳುವುದುಂಟು. ಜಡ್ಡು ಎಂದರೆ ಜಡವೆಂದೇ ನಮ್ಮ ಎಣಿಕೆ. ಕೀನ್ಯಾ ದೇಶದಲ್ಲಿ ಬರಿಗಾಲಿನವರನ್ನೂ ಜೋಡು ಮೆಟ್ಟುವವರನ್ನೂ ಪರೀಕ್ಷಿಸಿದ ವಿಜ್ಞಾನಿಗಳು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಬೇರೆಯೇ ಹೇಳುತ್ತದೆ: ಬರಿಗಾಲಿನವರ ಜಡ್ಡು ದಪ್ಪ, ಆದರೆ ಅದರಿಂದ ಸ್ಪರ್ಶಜ್ಞಾನ ಕುಂದಿಲ್ಲ. ಗಡುಸಾದ ಜಡ್ಡು ಒತ್ತಡವನ್ನು ತಾನು ನುಂಗದೆ ಒಳಗಿನ ನರಗಳಿಗೆ ದಾಟಿಸುತ್ತದೆ. ನುಂಗಿಬಿಡುವುದು ಮೆತ್ತನೆಯ ಅಟ್ಟೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರನನ್ನು ಕೇಳಿದರೂ ಇದೇ ಉತ್ತರ ಬಂದೀತು. ಕುಣಿಮಗ್ಗದ ಗುಂಡಿಯಲ್ಲಿ ಇಳಿಬಿಟ್ಟ ಅವನ ಬರಿಗಾಲು, ಕಣ್ಣಿಗೆ ಕಾಣದ ಹಲಗೆಗಳನ್ನು ದಿನವಿಡೀ ತಪ್ಪದೆ ತುಳಿಯುತ್ತದೆ.

ಈ ಸೀಮೆಯಲ್ಲಿ ಬರಿಗಾಲಿಗೆ ದೈವದ ನಂಟೂ ಇದೆ. ಮ್ಯಾಸಬೇಡರ ದೇವರ ಎತ್ತುಗಳ ರೊಪ್ಪಕ್ಕೆ ಜೋಡು ಮೆಟ್ಟಿ ಹೋಗುವಂತಿಲ್ಲ. ಅವುಗಳನ್ನು ಕಾಯುವ ಕಿಲಾರಿಯೊಬ್ಬ ಜಾಲಿಯ ನಡುವೆ ಬರಿಗಾಲಿನಲ್ಲಿ ದನಗಳಿಗಿಂತ ಹಗುರಾಗಿ ನಡೆದುಹೋದುದನ್ನು ಕಂಡಿದ್ದೇನೆ. ಪುರ್ಲಹಳ್ಳಿಯ ಕ್ಯಾತಪ್ಪನ ಪರಿಷೆಯಲ್ಲಿ ಕಾಡುಗೊಲ್ಲ ತರುಣರು ಬಾರೆ ಮುಳ್ಳಿನಿಂದ ಕಟ್ಟಿದ ಗುಡಿಯನ್ನು ಬರಿಗಾಲಿನಲ್ಲೇ ಏರಿ ಕಳಶ ಇಳಿಸುತ್ತಾರೆ.

ಆದರೆ ಎಲ್ಲ ಬರಿಗಾಲೂ ಹರಕೆಯದಲ್ಲ. ಕೇರಿಯಿಂದ ಬರುತ್ತಿದ್ದ ನನ್ನ ಸಹಪಾಠಿಗೆ ನನಗಿಂತ ಮೊದಲೇ ಚಪ್ಪಲಿ ಬಂದಿತ್ತು. ನಮ್ಮ ಬೀದಿ ಬಂದೊಡನೆ ಅವನು ಅವನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಬೀದಿ ದಾಟಿದ ಮೇಲೆ ಮೆಟ್ಟಿಕೊಳ್ಳುತ್ತಿದ್ದ. ಹರಳಯ್ಯನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಮೇಷ್ಟರು ನಮ್ಮಿಬ್ಬರಿಗೂ ಒಂದೇ ಬೆಂಚಿನಲ್ಲಿ ಕೂರಿಸಿ ಹೇಳಿದ್ದರು. ಅವನೇಕೆ ಕಳಚುತ್ತಾನೆಂದು ನಾನಾಗ ಕೇಳಲಿಲ್ಲ. ನನಗೆ ಗೊತ್ತಿತ್ತು.

ನನಗೀಗ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಕಾಲಿನ ನರಗಳನ್ನು ಮೆಲ್ಲಗೆ ಕೊಲ್ಲುತ್ತದೆ; ಗಾಯವಾದರೂ ನೋವು ತಿಳಿಯದು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದು, ದಿನವೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂದು ವೈದ್ಯರ ಕಟ್ಟಪ್ಪಣೆ. ಎಳವೆಯ ಜಡ್ಡು ಎಂದೋ ಕರಗಿತು; ಚರ್ಮ ತೆಳುವಾಗಿದೆ, ಅರಿವಿಲ್ಲ.

ಹೋದ ಬೇಸಗೆಯಲ್ಲಿ ಮೊಮ್ಮಗನೊಡನೆ ಜಟಿಂಗರಾಮೇಶ್ವರ ಬೆಟ್ಟಕ್ಕೆ ಹೋಗಿದ್ದೆ. ಅಶೋಕನ ಶಾಸನವಿರುವ ಬೆಟ್ಟ ಅದು. ಈ ಶಾಸನಗಳನ್ನು ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಹುಡುಗನಾಗಿದ್ದಾಗ ಬರಿಗಾಲಿನಲ್ಲೇ ಏರಿದ್ದ ಮೆಟ್ಟಿಲುಗಳು. ಗುಡಿಯ ಬಳಿ, ವೈದ್ಯರ ಮಾತು ಮೀರಿ, ಬೂಟು ಕಳಚಿಟ್ಟು ಹತ್ತು ಹೆಜ್ಜೆ ನಡೆದೆ. ಹಾಸುಗಲ್ಲು ಮೆತ್ತಗೆ, ಹತ್ತಿಯ ಮೇಲೆ ನಡೆದಂತಿತ್ತು.

ಹಿಂದೆ ಬರುತ್ತಿದ್ದ ಮೊಮ್ಮಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ. “ತಾತ, ಕಲ್ಲು ಸುಡ್ತಾ ಇದೆ, ನೆರಳಿಗೆ ಬಾ” ಎಂದ.