ದಾರ ಎಲ್ಲಿ ಹರಿಯಬೇಕು?

ಕಲಬುರಗಿಗೂ ಕಡಲಿಗೂ ಬಹುದೂರ. ಹಾಗಿದ್ದರೂ ಗಾಳದ ದಾರವನ್ನು ಆರಿಸುವ ಬಗೆಯನ್ನು ನಾನು ಸವಿಸ್ತಾರವಾಗಿ ವಿವರಿಸಿದ್ದು ಶರಣಬಸವೇಶ್ವರ ದೇವಸ್ಥಾನದ ಬಳಿಯ ಅಪ್ಪನ ಕೆರೆಯ ದಂಡೆಯ ಮೇಲೆ. ಹಳೆಯ ಶಿಷ್ಯನೊಬ್ಬನಿಗೆ ಕಾರವಾರಕ್ಕೆ ವರ್ಗವಾಗಿತ್ತು. ಕಾಳಿನದಿ ಕಡಲನ್ನು ಕೂಡುವ ಅಳಿವೆಯಲ್ಲಿ ಬಿಡುವಿನ ವೇಳೆ ಗಾಳ ಹಾಕಬೇಕೆಂಬುದು ಅವನ ಹಂಬಲ. ನಾನು ಕೆಲವು ವರ್ಷ ಹೊನ್ನಾವರದಲ್ಲಿ ಅಧ್ಯಾಪಕನಾಗಿದ್ದುದನ್ನು ಅವನು ಬಲ್ಲ. ದರ್ಶನ ಮುಗಿಸಿ ಬಂದು ಕುಳಿತೊಡನೆ ಸಂಕೋಚದಿಂದ ಕೇಳಿದ:

"ಇಂಥ ಜಾಗಾದಾಗ ಗಾಳದ ಮಾತು ಆಡಬಹುದೇನ್ರೀ ಸರ?"

"ಅಂಬಿಗರ ಚೌಡಯ್ಯನೂ ಶರಣನೇ ಅಲ್ಲೇನಪಾ? ಕೇಳು" ಎಂದೆ.

ಎಂದೂ ಹರಿಯದ ದಾರ ಯಾವುದೆಂಬುದೇ ಅವನ ಮೊದಲ ಪ್ರಶ್ನೆ. ಅಂಥ ದಾರ ಲೋಕದಲ್ಲಿಲ್ಲ. ದಾರ ಎಲ್ಲಿ ಹರಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದರಲ್ಲಿಯೇ ಆಯ್ಕೆಯ ಮರ್ಮವಿದೆ.

ಅಂಗಡಿಯಲ್ಲಿ ದೊರೆಯುವ ದಾರಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಒಂಟಿ ಎಳೆಯ ನೈಲಾನ್. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವಾಲೇಸ್ ಕರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞ ನೈಲಾನನ್ನು ಸಿದ್ಧಪಡಿಸಿದ. ಇದು ಅಗ್ಗ, ಎಳೆದರೆ ಹಿಗ್ಗುವುದರಿಂದ ಮೀನಿನ ಹಠಾತ್ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ಆದರೆ ನೀರು ಹೀರಿ ಬಲಗುಂದುತ್ತದೆ, ಬಿಸಿಲಿಗೆ ಸೊರಗುತ್ತದೆ. ಎರಡನೆಯದು ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ದಾರ. ಅಷ್ಟೇ ಬಲದ ನೈಲಾನಿಗಿಂತ ಬಹಳ ತೆಳುವಾದುದರಿಂದ ಎಸೆದರೆ ದೂರ ಹೋಗುತ್ತದೆ. ಹಿಗ್ಗದ ಕಾರಣ, ಮರಳಿನ ಮೇಲೆ ಕಾಣೆ ಮೀನು ಎರೆಯನ್ನು ಮುಟ್ಟಿದ್ದೂ ಬೆರಳಿಗೆ ತಿಳಿಯುತ್ತದೆ. ಕಲ್ಲಿಗೆ ಉಜ್ಜಿದರೆ ಮಾತ್ರ ಬೇಗ ಸವೆಯುತ್ತದೆ. ಮೂರನೆಯದು ಫ್ಲೋರೊಕಾರ್ಬನ್. ನೀರಿನ ವಕ್ರೀಭವನಾಂಕ 1.33, ಇದರದು ಸುಮಾರು 1.42, ನೈಲಾನಿನದು 1.5ಕ್ಕೂ ಹೆಚ್ಚು. ಎಂದರೆ ನೀರಿನೊಳಗೆ ಇದು ನೈಲಾನಿಗಿಂತ ಕಡಿಮೆ ಕಾಣುತ್ತದೆ, ಉಜ್ಜಾಟವನ್ನೂ ಸಹಿಸುತ್ತದೆ.

ಅಳಿವೆಗೆ 20 ಪೌಂಡು ಬಲದ ಹೆಣೆದ ದಾರ, ಅದರ ತುದಿಗೆ ಎರಡು ಮೊಳದಷ್ಟು 15 ಪೌಂಡಿನ ಫ್ಲೋರೊಕಾರ್ಬನ್ ಸಾಕೆಂದು ನನ್ನ ಅಭಿಪ್ರಾಯ. ಅಂಜಲ್ ಮೀನಿನ ಹಲ್ಲು ಹರಿತವಾದುದು. ಅದು ಬರುವ ಕಡೆ ಉಕ್ಕಿನ ತಂತಿಯೇ ಬೇಕು. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡಬೇಕು. ಒಣಗಂಟು ತನ್ನ ಬಿಸಿಯಿಂದಲೇ ದಾರವನ್ನು ಕೆಡಿಸುತ್ತದೆ.

ಇನ್ನು ರೀಲು. ಉರುಳೆ ತಿರುಗದೆ ದಾರ ಮಾತ್ರ ಸುರುಳಿಯಾಗಿ ಬಿಚ್ಚಿಕೊಳ್ಳುವ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಉಣ್ಣೆ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಹೊಸಬನಿಗೆ ಈ ಬಗೆಯದೇ ಸುಲಭ. 2500ರಿಂದ 4000ದ ಅಳತೆ ಸಾಕು. ಅದರಲ್ಲಿ ನೋಡಬೇಕಾದುದು ಹೊಳಪನ್ನಲ್ಲ, ಡ್ರ್ಯಾಗನ್ನು. ಮೀನು ಜೋರಾಗಿ ಎಳೆದಾಗ ದಾರವನ್ನು ತಡೆದು ತಡೆದು ಬಿಟ್ಟುಕೊಡುವ ಭಾಗವದು. ದಾರದ ಬಲದ ಕಾಲುಭಾಗಕ್ಕೆ ಅದನ್ನು ಬಿಗಿಯಬೇಕು. ಉಪ್ಪುನೀರು ರೀಲಿನ ವೈರಿ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಮೆಲ್ಲನೆ ತೊಳೆದು ಒಣಗಿಸದಿದ್ದರೆ ಎಷ್ಟು ಬೆಲೆಯದಾದರೂ ತುಕ್ಕು ಹಿಡಿಯುತ್ತದೆ.

"ತುದಿಗೆ ಬಲ ಕಡಿಮಿ ಇರೋ ದಾರ ಯಾಕ್ರೀ?" ಎಂದು ಶಿಷ್ಯ ಕೇಳಿದ. ನಾನು ಹೇಳಲು ಹಿಂಜರಿಯುತ್ತಿದ್ದುದೇ ಅದು.

ಶರಾವತಿಯ ಅಳಿವೆಯಲ್ಲಿ ಒಮ್ಮೆ ನನ್ನ ಗಾಳ ಬಂಡೆಗೆ ಸಿಕ್ಕಿತು. ತುದಿಯವರೆಗೂ ಒಂದೇ ಗಟ್ಟಿ ನೈಲಾನ್ ಕಟ್ಟಿದ್ದೆ. ಎಳೆದಾಗ ಅದು ಹರಿದದ್ದು ಗಾಳದ ಬಳಿಯಲ್ಲಲ್ಲ, ರೀಲಿನ ಬಳಿ. ಹತ್ತಾರು ಮಾರು ದಾರ ನೀರಿನಲ್ಲಿ ಉಳಿಯಿತು. ಕೆಲವು ದಿನಗಳ ತರುವಾಯ ಕಾಂಡ್ಲಾ ಗಿಡದಲ್ಲಿ ಬೆಳ್ಳಕ್ಕಿಯೊಂದು ಕಾಲಿಗೆ ದಾರ ಸುತ್ತಿಕೊಂಡು ಸತ್ತು ತೂಗುತ್ತಿತ್ತು. ಆ ದಾರ ನನ್ನದೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಬಣ್ಣ ಮಾತ್ರ ಅದೇ. ನೈಲಾನ್ ನೀರಿನಲ್ಲಿ ನೂರಾರು ವರ್ಷ ಕೊಳೆಯದೆಂದು ಅಂದಾಜು. ತುದಿಯ ದಾರ ದುರ್ಬಲವಾಗಿದ್ದರೆ ಹರಿಯುವುದು ಅಲ್ಲಿಯೇ. ಉಳಿದುದು ನಮ್ಮ ಕೈಗೆ ಮರಳುತ್ತದೆ.

ಶಿಷ್ಯ ಗುಡಿಯ ಕಡೆ ನೋಡಿದ. ಶರಣಬಸವೇಶ್ವರರು ತಮ್ಮ ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಇಬ್ಬರೂ ಅದನ್ನು ಎತ್ತಲಿಲ್ಲ. ಕೊಳ್ಳಬೇಕಾದ ಸಾಮಾನಿನ ಚೀಟಿಯನ್ನು ತೆಗೆದು, ದಾರ, ರೀಲುಗಳ ಕೆಳಗೆ ಅವನು ಮತ್ತೊಂದು ಸಾಲು ಬರೆದ: ತುಂಡುದಾರ ಹಾಕಲು ಮುಚ್ಚಳದ ಡಬ್ಬಿ, ಒಂದು.