ಐದು ಡಾಲರಿನ ಗೇಟು, ಐವತ್ತು ಡಾಲರಿನ ಬೆಟ್ಟ

ಡಾಂಬರು ಬಿಟ್ಟು ಮಣ್ಣು, ಮರಳು, ಬಂಡೆಗಳ ಮೇಲೆ ಬೈಕು, ಜೀಪು, ಎಟಿವಿ ಎಂಬ ದಪ್ಪ ಚಕ್ರದ ಪುಟ್ಟ ವಾಹನ ಓಡಿಸಲೆಂದೇ ಅಮೆರಿಕದಲ್ಲಿ ಪಾರ್ಕುಗಳಿವೆ. ಹೊರಡುವವರು ಮೊದಲು ನೋಡುವುದು ದರವನ್ನೇ. ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಹಿಲ್ಸ್ ಗೇಟಿನಲ್ಲಿ ಬಹುಕಾಲ 5 ಡಾಲರ್ ಇತ್ತು; ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್‌ನಲ್ಲಿ ಹೊರರಾಜ್ಯದವರಿಗೆ ಹಲವು ವರ್ಷ 50 ಡಾಲರ್ ಇತ್ತು. ಹಾಗೆಂದು ಮೊದಲನೆಯದು ಅಗ್ಗ ಎನ್ನುವಂತಿಲ್ಲ. ಅಲ್ಲಿ ಕೊಡುವುದು ಒಂದು ವಾಹನಕ್ಕೆ, ಒಂದು ದಿನಕ್ಕೆ. ಹ್ಯಾಟ್‌ಫೀಲ್ಡ್-ಮೆಕಾಯ್‌ನಲ್ಲಿ ಒಂದು ತಲೆಗೆ, ಇಡೀ ವರ್ಷಕ್ಕೆ. ಅದಕ್ಕಿಂತ ಮುಖ್ಯವಾದದ್ದು, ಹಾದಿಯ ಖರ್ಚನ್ನು ಹೊರುವವರು ಯಾರು ಎಂಬುದು.

ಕ್ಯಾಲಿಫೋರ್ನಿಯಾ 1971ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಹಾಲಿಸ್ಟರ್ ಹಿಲ್ಸ್ ಸರ್ಕಾರಿ ಪಾರ್ಕು. ಅದನ್ನು ನಡೆಸುವ ನಿಧಿಗೆ ಗೇಟಿನ ಹಣದ ಜೊತೆ ವಾಹನ ನೋಂದಣಿ ಶುಲ್ಕವೂ ಪೆಟ್ರೋಲ್ ತೆರಿಗೆಯ ಒಂದು ಪಾಲೂ ಸೇರುತ್ತವೆ. ಐದು ಡಾಲರಿನ ಹಿಂದೆ ಸವಾರ ಬೇರೆ ಕಡೆ ಕೊಟ್ಟ ದುಡ್ಡಿದೆ. ವೆಸ್ಟ್ ವರ್ಜೀನಿಯಾದ ದಾರಿಯೇ ಬೇರೆ. ಅಲ್ಲಿ ಬೆಟ್ಟಗಳು ಬಹುಪಾಲು ಕಲ್ಲಿದ್ದಲು, ಮರದ ವ್ಯವಹಾರದ ಖಾಸಗಿ ಕಂಪನಿಗಳವು. ಅಪಘಾತವಾದರೆ ಮೊಕದ್ದಮೆ ಬಂದೀತೆಂಬ ಭೂಮಾಲೀಕರ ಭಯ ನೀಗಲು ಕಾನೂನಿನ ರಕ್ಷಣೆ ಕೊಟ್ಟು, 1996ರಲ್ಲಿ ಪ್ರಾಧಿಕಾರ ರಚಿಸಿ, 2000ದಲ್ಲಿ ಹಾದಿ ತೆರೆದರು. ಈಗ ಒಟ್ಟು ಉದ್ದ ಸಾವಿರ ಮೈಲಿ ಮೀರಿದೆ. ಮ್ಯಾಟ್‌ವಾನ್, ಗಿಲ್ಬರ್ಟ್‌ನಂಥ ಊರುಗಳ ಬೀದಿಗೂ ಎಟಿವಿ ಬರಬಹುದಾದ್ದರಿಂದ ಬಂದವರ ದುಡ್ಡು ಲಾಡ್ಜಿಗೆ, ಹೋಟೆಲಿಗೆ, ಬಂಕಿಗೆ ಹರಿಯುತ್ತದೆ. ಗಣಿ ಕೆಲಸ ಕುಗ್ಗಿದ ಸೀಮೆಗೆ ಇದು ಸಣ್ಣ ಮಾತಲ್ಲ.

ಹಾದಿಯ ಖರ್ಚೆಂದರೆ ಅದನ್ನು ಕಾಪಾಡುವ ಸಿಬ್ಬಂದಿಯ ಖರ್ಚೂ ಹೌದು. ಅವರ ಬೆಲೆ ತಿಳಿಯಬೇಕಾದರೆ ಇಳಿಜಾರಿನ ಹಾದಿಯನ್ನು ಬಗ್ಗಿ ನೋಡಬೇಕು. ಟೈರು ಕೊರೆದ ಜಾಡಿನಲ್ಲಿ ಮಳೆನೀರು ಓಡಿದರೆ ಗೇಣುದ್ದದ ಗೀರು ಮೊಣಕಾಲುದ್ದದ ಕೊರಕಲಾಗುತ್ತದೆ. ಅದಕ್ಕೇ ನಮ್ಮ ಹೊಲದ ಬದುವಿನಂತೆ ಹಾದಿಗೆ ಓರೆಯಾಗಿ ಮಣ್ಣಿನ ದಿಂಡು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಚಕ್ರ ಹತ್ತಿ ಹತ್ತಿ ದಿಂಡು ಸವೆಯುತ್ತದೆ, ಮತ್ತೆ ಕಟ್ಟಬೇಕು. ಹಸಿರು, ನೀಲಿ, ಕಪ್ಪು ಫಲಕ ನೆಟ್ಟು ಸುಲಭ-ಕಠಿಣ ತಿಳಿಸುವುದು ಒಮ್ಮೆಯ ಕೆಲಸ. ದಿಂಡು ಕಟ್ಟುವುದು ಮುಗಿಯದ ಕೆಲಸ. ಮಣ್ಣು ಉಳಿಯದ ಜಾಗವನ್ನು ದುರಸ್ತಿಯಾಗುವವರೆಗೆ ಮುಚ್ಚಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ.

ಕೆಲವರ ಮೋಜಿಗೆ ಎಲ್ಲರ ತೆರಿಗೆ ಏಕೆ ಎಂಬ ಆಕ್ಷೇಪ ಸಹಜ. ಆದರೆ ಕ್ಯಾಲಿಫೋರ್ನಿಯಾದ ನಿಧಿಗೆ ಬರುವ ತೆರಿಗೆ ರಸ್ತೆಯಾಚೆ ಸುಟ್ಟ ಪೆಟ್ರೋಲಿನ ಅಂದಾಜು ಪಾಲು. ಡಾಂಬರನ್ನು ಮುಟ್ಟದ ಚಕ್ರದ ತೆರಿಗೆ ಹೆದ್ದಾರಿಗೆ ಹೋಗುವುದೇ ವಿಚಿತ್ರ. ಪಾರ್ಕೇ ಬೇಡ ಎನ್ನುವವರ ವಾದ ಇನ್ನೂ ಗಟ್ಟಿ. ಕ್ಯಾಲಿಫೋರ್ನಿಯಾದ ಓಷಿಯಾನೊ ಮರಳುದಿಬ್ಬಗಳಲ್ಲಿ ಸ್ನೋಯಿ ಪ್ಲೋವರ್ ಹಕ್ಕಿ ಮೊಟ್ಟೆಯಿಡುವ ಜಾಗಕ್ಕೆ ಬೇಲಿ ಹಾಕಿದರೂ ಜಗಳ ಕೋರ್ಟಿಗೇರಿತು. ಎಲ್ಲ ಜಾಗವೂ ಚಕ್ರಕ್ಕೆ ತಕ್ಕದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಗೇಟು ಮುಚ್ಚಿದ ಮಾತ್ರಕ್ಕೆ ಬೈಕುಗಳು ಮನೆಯಲ್ಲಿ ಕೂರುವುದಿಲ್ಲ, ಫಲಕವೂ ಬದುವೂ ಇಲ್ಲದ ಗುಡ್ಡ ಹುಡುಕುತ್ತವೆ. ಮಡಿಕೇರಿಯ ಮಾಂದಲಪಟ್ಟಿಗೆ ಜೀಪಿನಲ್ಲಿ ಕುಲುಕುತ್ತಾ ಹೋಗುವವರೂ ಬಾಡಿಗೆಯ ಚೌಕಾಸಿ ಮುಗಿದ ಮೇಲೆ ಕೇಳಬಹುದು: ಇದರಲ್ಲಿ ಎಷ್ಟು ದುಡ್ಡು ಈ ದಾರಿಗೆ ವಾಪಸು ಬರುತ್ತದೆ?